ಪಟ್ಟಿಗೆ ಮುಂಚಿನ ಗುದ್ದು

ಕುಸ್ತಿಯಲ್ಲಿ ಗುದ್ದುವಂತಿಲ್ಲ, ಬಾಕ್ಸಿಂಗ್‌ನಲ್ಲಿ ಹಿಡಿದು ಕೆಡವುವಂತಿಲ್ಲ. ಈ ಗೆರೆ ಎಳೆದದ್ದು ಆಟದ ನಿಯಮಗಳು. ಮಧ್ಯಯುಗದ ಯುರೋಪಿನ ಗುರುಗಳಿಗೆ ಗುದ್ದು, ಪಟ್ಟು ಎರಡೂ ಒಂದೇ ವಿದ್ಯೆ.

ಇಟಲಿಯ ಫಿಯೋರೆ ದೇಯಿ ಲಿಬೇರಿ 1410ರ ಸುಮಾರಿಗೆ ಬರೆದ ಗ್ರಂಥ, ಖುಷಿಗೆ ಆಡುವ ಕುಸ್ತಿಯನ್ನೂ ಪ್ರಾಣ ಉಳಿಸಿಕೊಳ್ಳುವ ಕುಸ್ತಿಯನ್ನೂ ಬೇರೆ ಮಾಡುತ್ತದೆ. ಎರಡನೆಯದಕ್ಕೆ ಇಳಿಯುವವನು ಕಣ್ಣು, ಮೂಗು, ಕಣತಲೆ, ಗದ್ದದ ಕೆಳಭಾಗ, ಪಕ್ಕೆ ಇವುಗಳಿಗೆ ಹೊಡೆಯಲು ಅರಿತಿರಬೇಕು. ಜರ್ಮನಿಯಲ್ಲಿ ಸಿಗ್ಮುಂಡ್ ರಿಂಗೆಕ್ ಹೆಸರಿನ ಬರಹದಲ್ಲಿ ಇಂಥ ಏಟುಗಳಿಗೆ ‘ಕೊಲೆಗುದ್ದು’ ಎಂದೇ ಹೆಸರು.

ಹೆಸರು ಭಯಂಕರವಾದರೂ ಗುದ್ದಿನ ಮುಖ್ಯ ಕೆಲಸ ಪಟ್ಟಿಗೆ ದಾರಿ ಬಿಡಿಸುವುದು ಎಂದೇ ನನ್ನ ಓದು. ದೇಹದ ಗುರುತ್ವಕೇಂದ್ರದಿಂದ ಇಳಿಬಿಟ್ಟ ಗೆರೆ ಪಾದಗಳ ನಡುವಿನ ಜಾಗದೊಳಗೆ ಇರುವ ತನಕ ಮನುಷ್ಯ ಬೀಳುವುದಿಲ್ಲ. ಎದೆಗೆ ಗುದ್ದು ಬಿದ್ದರೆ ಆ ಗೆರೆ ಹಿಮ್ಮಡಿ ದಾಟುತ್ತದೆ. ಅವನು ತಟ್ಟನೆ ಕಾಲು ಹಿಂದಿಟ್ಟು ಸಾವರಿಸಿಕೊಳ್ಳುತ್ತಾನೆ. ಆ ಹಿಮ್ಮಡಿಯ ಹಿಂದೆ ಗುದ್ದಿದವನ ಕಾಲು ಮೊದಲೇ ನಿಂತಿದ್ದರೆ? ಸಾವರಿಸಲು ಜಾಗವೇ ಇಲ್ಲ. ತೊಡೆಸಂದಿಗೆ ಮೊಣಕಾಲು ತಾಗಿದರೆ ಮೈ ಮುಂದಕ್ಕೆ ಬಾಗುತ್ತದೆ, ಕಣ್ಣಿನತ್ತ ಬೆರಳು ಬಂದರೆ ತಲೆ ಹಿಂದಕ್ಕೆ ಸರಿಯುತ್ತದೆ. ಹೊಟ್ಟೆಯ ಮೇಲ್ಭಾಗಕ್ಕೆ ಏಟು ಬಿದ್ದರೆ ವಪೆ ಸೆಟೆದು ಉಸಿರು ಕಟ್ಟುತ್ತದೆ, ಹಿಡಿತ ಸಡಿಲವಾಗುತ್ತದೆ. ಎದುರಾಳಿ ಎತ್ತ ವಾಲುತ್ತಾನೆಂಬುದು ಮೊದಲೇ ಗೊತ್ತಿದ್ದರೆ ಯಾವ ಪಟ್ಟು ಹಾಕಬೇಕೆಂಬುದೂ ಗೊತ್ತು.

ಹಾಗಾದರೆ ಬರೀ ಗುದ್ದೇ ಸಾಲದೇ? ಸಾಲದು. ಕೈಯಲ್ಲಿ 27 ಮೂಳೆಗಳಿವೆ. ಬರಿ ಮುಷ್ಟಿ ತಲೆಬುರುಡೆಗೆ ಬಡಿದರೆ ಕಿರುಬೆರಳಿನ ಬುಡದ ಅಂಗೈಮೂಳೆ ಮುರಿಯುವ ಸಂಭವ ಹೆಚ್ಚು. ವೈದ್ಯರು ಅದನ್ನು ‘ಬಾಕ್ಸರ್ ಮುರಿತ’ ಎನ್ನುತ್ತಾರೆ. ಉಕ್ಕಿನ ಕವಚಕ್ಕಂತೂ ಮುಷ್ಟಿ ಲೆಕ್ಕಕ್ಕೇ ಇಲ್ಲ. ಕವಚಧಾರಿಯನ್ನು ಕೆಡವಿ, ಸಂದುಗಳಲ್ಲಿ ಕಠಾರಿ ತೂರಿಸಬೇಕಿತ್ತು. ಎದುರಾಳಿಯ ಸೊಂಟದಲ್ಲೂ ಕಠಾರಿ ಇರುತ್ತಿದ್ದ ಕಾಲ ಅದು. ಅವನ ಕೈ ಬಿಟ್ಟು ದೂರದಿಂದ ಗುದ್ದಾಡುವುದು ಅಪಾಯವೇ.

ಪಳಗಿದ ಆಟವೂ ಇತ್ತು. ಸ್ಯಾಕ್ಸನಿಯ ರಾಜಕುಮಾರರಿಗೆ ಕುಸ್ತಿ ಕಲಿಸಿದ ಫಾಬಿಯಾನ್ ಫಾನ್ ಆವರ್ಸ್‌ವಾಲ್ಡ್ 1539ರಲ್ಲಿ ತಂದ ಪುಸ್ತಕದಲ್ಲಿ 85 ಚಿತ್ರಗಳಿವೆ. ಅದು ಹೆಚ್ಚಾಗಿ ಗೆಳೆಯರ ನಡುವಿನ ಕುಸ್ತಿ. ಒರಟು ಪಟ್ಟುಗಳನ್ನು ಸ್ನೇಹದ ಆಟಕ್ಕೆ ಸಲ್ಲದವೆಂದು ಅವನೇ ಗುರುತು ಹಾಕಿದ್ದಾನೆ. ಅಂಥ ಪುಸ್ತಕವೊಂದನ್ನೇ ನೋಡಿ ಹಳೆಯ ಯುರೋಪಿಗೆ ಹೊಡೆತವೇ ತಿಳಿದಿರಲಿಲ್ಲ ಎಂದುಕೊಳ್ಳುವುದು ತಪ್ಪು.

ಕೂಡಿದ್ದ ವಿದ್ಯೆ ಬೇರ್ಪಟ್ಟದ್ದು ಇಂಗ್ಲೆಂಡಿನ ರಿಂಗ್‌ಗಳಲ್ಲಿ, ಅದೂ ನಿಧಾನವಾಗಿ. ಬಾಕ್ಸಿಂಗ್‌ನ 1743ರ ಬ್ರೌಟನ್ ನಿಯಮಗಳು ಸೊಂಟಕ್ಕಿಂತ ಮೇಲೆ ಹಿಡಿಯಲು ಬಿಟ್ಟಿದ್ದವು. ಬಾಕ್ಸಿಂಗ್‌ನಲ್ಲಿ ಕುಸ್ತಿ ಪೂರ್ತಿ ನಿಷಿದ್ಧವಾದದ್ದು 1867ರ ಕ್ವೀನ್ಸ್‌ಬೆರಿ ನಿಯಮಗಳಿಂದ.