ಮದುವೆ ಮನೆಯ ಸ್ಯಾಕ್ಸೋಫೋನೂ ನಮ್ಮತ್ತೆಯವರ ತಾಳವೂ

ಹೋದ ವೈಶಾಖದಲ್ಲಿ ಹುಣಸೂರಿನ ಛತ್ರವೊಂದರಲ್ಲಿ ನಮ್ಮ ಕಡೆಯವರ ಮದುವೆ. ಧಾರೆಗೆ ಇನ್ನೂ ಹೊತ್ತಿತ್ತು. ವಾಲಗದವರ ನಡುವೆ ಕೂತಿದ್ದ ಹುಡುಗನೊಬ್ಬ, ಆನೆಯ ಸೊಂಡಿಲಿನ ಹಾಗೆ ಬಾಗಿದ ಹಿತ್ತಾಳೆ ವಾದ್ಯವೊಂದನ್ನು ಕೊರಳಿಗೆ ತಗುಲಿಹಾಕಿಕೊಂಡು ಊದುತ್ತಿದ್ದ. "ಇದೇನ್ರೀ, ನಾಗಸ್ವರ ಹೋಗಿ ಹುಕ್ಕಾ ಬಂತು!" ಎಂದು ಹಿಂದಿನ ಸಾಲಿನವರು ನಕ್ಕರು. ನಾನೂ ನಕ್ಕೆ. ನಮ್ಮತ್ತೆ ಮಾತ್ರ ನಗಲಿಲ್ಲ. "ಶಂಕರಾಭರಣ ಸರಿಯಾಗೇ ಹಿಡಿದಿದಾನೆ ಹುಡುಗ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಸುಮ್ಮನಾದರು. ನಾನು ಈ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತೆರಡು ವರ್ಷ. ಅವರ ಬಾಯಲ್ಲಿ ಒಂದು ರಾಗದ ಹೆಸರು ಕೇಳಿದ್ದು ಅದೇ ಮೊದಲು.

ಆ ವಾದ್ಯ ಸ್ಯಾಕ್ಸೋಫೋನು ಎಂಬುದು ನಿಮಗೆಲ್ಲ ಗೊತ್ತು. ಈಗ ನಮ್ಮ ಪಿರಿಯಾಪಟ್ಟಣದಲ್ಲೂ ಮದುವೆ, ಗೃಹಪ್ರವೇಶ ಎಂದರೆ ಅದು ಬರುತ್ತದೆ. ಆದರೆ ಅದರ ಹುಟ್ಟೂರು ನಮ್ಮದಲ್ಲ. ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ ಎಂಬಾತ ಇದನ್ನು ಮಾಡಿ, 1846ರಲ್ಲಿ ಪ್ಯಾರಿಸ್ಸಿನಲ್ಲಿ ಪೇಟೆಂಟ್ ಪಡೆದ. ಮೈಯೆಲ್ಲಾ ಹಿತ್ತಾಳೆಯಾದರೂ ಇದನ್ನು ಕೊಳಲಿನ ಜಾತಿಗೇ ಸೇರಿಸುತ್ತಾರೆ. ಏಕೆಂದರೆ ನಾದ ಹುಟ್ಟುವುದು ಲೋಹದಿಂದಲ್ಲ, ಬಾಯಲ್ಲಿಟ್ಟುಕೊಳ್ಳುವ ಕಡೆ ಕಟ್ಟಿರುವ ತೆಳ್ಳನೆಯ ಬೆತ್ತದ ಪಟ್ಟಿಯಿಂದ. ನಾಗಸ್ವರದಲ್ಲಿ ಅಂಥ ಪಟ್ಟಿ ಜೋಡಿ ಇರುತ್ತದೆ, ಇದರಲ್ಲಿ ಒಂದೇ. ಇನ್ನೊಂದು ವ್ಯತ್ಯಾಸವಿದೆ. ನಾಗಸ್ವರದ ತೂತಿನ ಮೇಲೆ ಬೆರಳನ್ನು ಜಾರಿಸಬಹುದು, ಗಮಕ ಬರುತ್ತದೆ. ಸ್ಯಾಕ್ಸೋಫೋನಿನಲ್ಲಿ ತೂತು ಮುಚ್ಚುವುದು ಬೆರಳಲ್ಲ, ಮುಚ್ಚಳ. ಬೆರಳು ಒತ್ತುವುದು ಕೀಲಿಯನ್ನು. ಹಾಗಾಗಿ ಸ್ವರದಿಂದ ಸ್ವರಕ್ಕೆ ಜಾರಬೇಕೆಂದರೆ ತುಟಿ, ಗಂಟಲು, ಉಸಿರುಗಳಿಂದಲೇ ಆಗಬೇಕು.

ಇದನ್ನು ಸಾಧಿಸಿ ತೋರಿಸಿದವರು ನಮ್ಮ ಕದ್ರಿ ಗೋಪಾಲನಾಥರು. ದಕ್ಷಿಣ ಕನ್ನಡದ ಸಜಿಪಮೂಡದಲ್ಲಿ 1949ರಲ್ಲಿ ಹುಟ್ಟಿದ ಅವರದು ನಾಗಸ್ವರ ನುಡಿಸುವ ಮನೆ. ಅವರಿಗೆ ಸ್ಯಾಕ್ಸೋಫೋನಿನ ಹುಚ್ಚು ಹಿಡಿದದ್ದು ಎಲ್ಲಿ ಎನ್ನುತ್ತೀರಿ? ನಮ್ಮ ಮೈಸೂರಿನಲ್ಲೇ! ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿ ಮನಸೋತು, ಮುಂದೆ ವರ್ಷಗಟ್ಟಲೆ ಒದ್ದಾಡಿ, ವಾದ್ಯವನ್ನೇ ಅಲ್ಲಲ್ಲಿ ಬದಲಾಯಿಸಿಕೊಂಡು ಕರ್ನಾಟಕ ಸಂಗೀತವನ್ನು ಅದರಲ್ಲಿ ಕೂರಿಸಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿ.ಬಿ.ಸಿ.ಯವರ ಉತ್ಸವದಲ್ಲಿ ನುಡಿಸಿದರು, 2004ರಲ್ಲಿ ಪದ್ಮಶ್ರೀ ಬಂತು, 2019ರ ಅಕ್ಟೋಬರಿನಲ್ಲಿ ತೀರಿಕೊಂಡರು. ಛತ್ರದಲ್ಲಿ ಊದುತ್ತಿದ್ದ ಆ ಹುಡುಗ ಅವರು ಹಾಕಿಕೊಟ್ಟ ದಾರಿಯಲ್ಲಿ ನಡೆಯುತ್ತಿದ್ದವನು. ನಾವು ನಕ್ಕೆವು.

ಮದುವೆಯಿಂದ ಬಂದ ಮೇಲೆ ಈ ಮಾತು ಮರೆತೇಹೋಗುತ್ತಿತ್ತೇನೋ. ಆದರೆ ಆಷಾಢದಲ್ಲಿ ನಮ್ಮಕ್ಕನ ಮಗ ಬೆಂಗಳೂರಿನಿಂದ ಬಂದ. ಈಗಿನ ಹುಡುಗರಿಗೆ ಹಳೇ ಗ್ರಾಮಾಫೋನ್ ಪ್ಲೇಟುಗಳ ಮೋಹ ಮತ್ತೆ ಹತ್ತಿದೆಯಲ್ಲ, ಇವನಿಗೂ ಹತ್ತಿದೆ. ಅಟ್ಟದ ಮೇಲೆ ಮಾವನವರ ಕಾಲದ ರೆಕಾರ್ಡ್ ಪ್ಲೇಯರ್ ಇತ್ತು. ಹಿಂದೊಮ್ಮೆ ರಿಪೇರಿಗೆ ಕೊಟ್ಟಾಗ ಆರು ತಿಂಗಳು ಇಟ್ಟುಕೊಂಡು, "ಇದರ ಕಾಲ ಮುಗೀತು ತಾಯಿ" ಎಂದು ಹಾಗೇ ಹಿಂದಕ್ಕೆ ಕೊಟ್ಟಿದ್ದರು. ಹುಡುಗ ಅದರ ರಬ್ಬರ್ ಬೆಲ್ಟನ್ನೂ ಮುಳ್ಳನ್ನೂ ಬದಲಾಯಿಸಿದ. ಅಷ್ಟೇ, ತಿರುಗಿತು! ಆರು ತಿಂಗಳು ಅವರೇನು ಮಾಡಿದರೋ ದೇವರೇ ಬಲ್ಲ.

ಮೊದಲು ಅವನು ಹಾಕಿದ್ದು ಜಾನ್ ಕೋಲ್ಟ್ರೇನ್ ಎಂಬ ಅಮೆರಿಕದ ಕಪ್ಪು ಜನಾಂಗದ ಕಲಾವಿದನ 'ಎ ಲವ್ ಸುಪ್ರೀಂ'. ಜಾಜ್ ಸ್ಯಾಕ್ಸೋಫೋನ್ ಪ್ರಿಯರಿಗೆ ಇದು ಪೂಜೆಯ ವಸ್ತುವಿದ್ದ ಹಾಗಂತೆ. 1964ರ ಡಿಸೆಂಬರಿನಲ್ಲಿ ಧ್ವನಿಮುದ್ರಣವಾಗಿ 1965ರಲ್ಲಿ ಹೊರಬಂತು. ನಿಜ ಹೇಳಿಬಿಡುತ್ತೇನೆ, ಮೊದಲ ಸಲ ನನಗೆ ತಲೆನೋವೇ ಬಂತು. ಕುಕ್ಕರ್ ಕೂಗಿದರೂ ಕೇಳಿಸಲಿಲ್ಲ, ಬೇಳೆ ತಳ ಹಿಡಿಯಿತು. "ಚಿಕ್ಕಮ್ಮ, ಒಂದೇ ಒಂದು ಸಲ ಕೂತು ಕೇಳಿ. ಕೆಲಸ ಮಾಡ್ತಾ ಬೇಡ" ಎಂದ. ಕೂತೆ. ಆಗ ಒಂದು ಸಂಗತಿ ಹಿಡಿತಕ್ಕೆ ಬಂತು. ಮೊದಲ ಭಾಗದಲ್ಲಿ ದಪ್ಪ ತಂತಿವಾದ್ಯವೊಂದು ನಾಲ್ಕೇ ಸ್ವರದ ಪುಟ್ಟ ತುಣುಕನ್ನು ನುಡಿಸುತ್ತದೆ. ಆಮೇಲೆ ಕೋಲ್ಟ್ರೇನ್ ಅದೇ ತುಣುಕನ್ನು ಬೇರೆ ಬೇರೆ ಶ್ರುತಿಗೆ ಏರಿಸಿ ಇಳಿಸಿ ಮತ್ತೆ ಮತ್ತೆ ಊದುತ್ತಾರೆ. ಕೊನೆಗೆ ವಾದ್ಯ ಕೆಳಗಿಟ್ಟು, ಅದನ್ನೇ ಬಾಯಲ್ಲಿ ಜಪದಂತೆ ಹೇಳುತ್ತಾರೆ. ಕುಡಿತ, ಅಮಲಿನ ಚಟದಲ್ಲಿ ಮುಳುಗಿದ್ದ ಮನುಷ್ಯ 1957ರಲ್ಲಿ ಅದರಿಂದ ಎದ್ದು ಬಂದು, ಅದು ದೇವರ ಕೃಪೆಯೆಂದು ನಂಬಿ, ಕೃತಜ್ಞತೆಯಿಂದ ಮಾಡಿದ ಸಂಗೀತವಂತೆ ಇದು. ಅವರಿಗೆ ನಮ್ಮ ಪಂಡಿತ ರವಿಶಂಕರರ ಮೇಲೆ ಎಷ್ಟು ಗೌರವವೆಂದರೆ ಮಗನಿಗೆ ರವಿ ಎಂದೇ ಹೆಸರಿಟ್ಟರು. ಈಗಲೂ ಇದು ನನಗೆ ಪೂರ್ತಿ ಹಿಡಿಸಿದೆ ಎನ್ನಲಾರೆ. ಆದರೆ ತಲೆನೋವು ಬರುವುದಿಲ್ಲ.

ಜಾಜ್ ಎಂದರೆ ಹೆದರಬೇಕಾದ್ದಿಲ್ಲ. ನಮ್ಮ ಕಛೇರಿಯಲ್ಲಿ ಕೃತಿ ಹಾಡಿ, ಆಮೇಲೆ ಕಲ್ಪನಾಸ್ವರ ಹಾಕುತ್ತಾರಲ್ಲ, ಹೆಚ್ಚು ಕಡಿಮೆ ಹಾಗೆಯೇ. ಒಂದು ಹಾಡನ್ನು ನುಡಿಸಿ, ಅಲ್ಲಿಂದ ಮನೋಧರ್ಮಕ್ಕೆ ಹೊರಟು, ಮತ್ತೆ ಹಾಡಿಗೆ ಬಂದು ಸೇರುತ್ತಾರೆ. ಈ ದಾರ ಹಿಡಿದುಕೊಂಡರೆ ಸಾಕು.

ಮಾರನೆಯ ದಿನ ಸಂಜೆ ಅವನು ಇನ್ನೊಂದು ಪ್ಲೇಟು ತೆಗೆದ. "ಇದು ನಿಮಗಲ್ಲ, ಅಜ್ಜಿಗೆ" ಎಂದ. ಹೆಸರು 'ಜ್ಯೋತಿ'. ಜರ್ಮನಿಯ ಇ.ಸಿ.ಎಂ. ಕಂಪನಿಗಾಗಿ 1983ರಲ್ಲಿ ಧ್ವನಿಮುದ್ರಣವಾದದ್ದು. ಸ್ಯಾಕ್ಸೋಫೋನ್ ಚಾರ್ಲಿ ಮಾರಿಯಾನೊ ಅವರದು, ಜೊತೆಗಿರುವವರೆಲ್ಲಾ ನಮ್ಮ ಬೆಂಗಳೂರಿನ 'ಕರ್ನಾಟಕ ಕಾಲೇಜ್ ಆಫ್ ಪರ್ಕಷನ್' ತಂಡದವರು. ಆ ಸಂಸ್ಥೆಯನ್ನು 1964ರಲ್ಲಿ ಕಟ್ಟಿದ ಟಿ.ಎ.ಎಸ್. ಮಣಿಯವರದು ಮೃದಂಗ, ಆರ್.ಎ. ರಾಜಗೋಪಾಲ್ ಅವರದು ಘಟ, ಟಿ.ಎನ್. ಶಶಿಕುಮಾರ್ ಅವರದು ಖಂಜಿರ. ಹಾಡುಗಾರಿಕೆ ಮಣಿಯವರ ಪತ್ನಿ ಆರ್.ಎ. ರಮಾಮಣಿಯವರದು. ಬರೀ ಹಾಡುವುದಲ್ಲ, ಸಂಗೀತದ ರಚನೆಯಲ್ಲೂ ಮುಖ್ಯವಾದ ಕೈ ಅವರದೇ.

ಅಮೆರಿಕದ ದೊಡ್ಡ ಸ್ಯಾಕ್ಸೋಫೋನ್ ವಾದಕರ ಪ್ಲೇಟಲ್ಲವೇ, ಶುರುವಿನಲ್ಲೇ ಅವರ ಆರ್ಭಟ ಇರುತ್ತದೆ ಎಂದುಕೊಂಡು ನಾನು ಬೋಂಡದ ಹಿಟ್ಟು ಕಲಸುತ್ತಾ ಕೂತಿದ್ದೆ. ಮುಳ್ಳು ಪ್ಲೇಟಿಗೆ ತಾಕಿ ಚಿಟಿಚಿಟಿ ಎಂದಿತು. ಆಮೇಲೆ ಕೇಳಿದ್ದು ಒಂದು ಹೆಣ್ಣಿನ ಕಂಠ! ಮಾರಿಯಾನೊ ಅವರ ಸುಳಿವೇ ಇಲ್ಲ. ಮೊದಲ ಐದಾರು ನಿಮಿಷ ಪೂರ್ತಿ ರಮಾಮಣಿಯವರಿಗೆ. ದೇವರ ಮನೆಯಲ್ಲಿ ಬತ್ತಿ ಹೊಸೆಯುತ್ತಿದ್ದ ನಮ್ಮತ್ತೆ ಬತ್ತಿಯ ಸಮೇತ ಎದ್ದು ಬಂದು ಕಂಬಕ್ಕೊರಗಿ ನಿಂತರು.

ಎರಡನೆಯದಕ್ಕೆ 'ವಂದನಂ' ಎಂದು ಹೆಸರು. ಅಂತೂ ಸ್ಯಾಕ್ಸೋಫೋನು ಬಂತು. ನೀವು ಕೇಳುವುದಾದರೆ ಒಂದಕ್ಕೆ ಕಿವಿ ಕೊಡಿ. ಕಂಠ, ವಾದ್ಯ ಎರಡೂ ಒಂದೇ ಸಾಲನ್ನು ಜೊತೆಜೊತೆಯಾಗಿ ಹೇಳುವ ಜಾಗ ಬರುತ್ತದೆ. ಬೀಸುವ ಕಲ್ಲಿನ ಗೂಟಕ್ಕೆ ಇಬ್ಬರು ಹೆಂಗಸರು ಕೈ ಹಾಕಿ ಬೀಸುತ್ತಾರಲ್ಲ, ಯಾರ ಕೈ ನೂಕುತ್ತಿದೆ, ಯಾರದು ಎಳೆಯುತ್ತಿದೆ ತಿಳಿಯದು, ಹಾಗೆ. ಮಾರಿಯಾನೊ 1923ರಲ್ಲಿ ಬಾಸ್ಟನ್ ನಗರದಲ್ಲಿ ಹುಟ್ಟಿದವರು, ಇಟಲಿಯಿಂದ ವಲಸೆ ಬಂದ ಮನೆಯವರು. ಚಾರ್ಲ್ಸ್ ಮಿಂಗಸ್‌ನಂಥ ಘಟಾನುಘಟಿಗಳ ಜೊತೆ ನುಡಿಸಿ ಹೆಸರು ಮಾಡಿದ ಮೇಲೆ ದಕ್ಷಿಣ ಭಾರತಕ್ಕೆ ಬಂದು ನಾಗಸ್ವರ ಕಲಿತರು. 'ಜ್ಯೋತಿ' ಆದಾಗ ಅವರಿಗೆ ಐವತ್ತೊಂಬತ್ತು. ಆ ವಯಸ್ಸಿನಲ್ಲಿ, ಅಷ್ಟು ಹೆಸರಿದ್ದು, ಇನ್ನೊಬ್ಬರ ಸಂಗೀತದಲ್ಲಿ ಪಕ್ಕಕ್ಕೆ ಸರಿದು ನಿಂತು ನುಡಿಸುವುದು ಸುಲಭವೇ? 2009ರಲ್ಲಿ ಜರ್ಮನಿಯಲ್ಲಿ ಅವರು ತೀರಿಕೊಂಡರು. ಮಣಿಯವರು 2020ರಲ್ಲಿ.

ಒಂದು ಮಗ್ಗುಲು ಸುಮಾರು ಇಪ್ಪತ್ತು ನಿಮಿಷ. ಮುಗಿದ ಮೇಲೆ ಎದ್ದು ಹೋಗಿ ಮಗುಚಿ ಹಾಕಬೇಕು. ಮೊಬೈಲಿನಲ್ಲಾದರೆ ಈ ತಾಪತ್ರಯವಿಲ್ಲ, ನಿಜ. ಆದರೆ ಮಗುಚಲು ಎದ್ದ ಆ ನಿಮಿಷದಲ್ಲೇ ನಾನು ನೋಡಿದ್ದು. ಅತ್ತೆ ಕಂಬದ ಬುಡದಲ್ಲಿ ಕೂತುಬಿಟ್ಟಿದ್ದರು. ಸಂಗೀತ ನಿಂತಿದ್ದರೂ ಬಲಗೈ ತೊಡೆಯ ಮೇಲೆ ತಾಳ ಹಾಕುತ್ತಲೇ ಇತ್ತು. ಕಿರುಬೆರಳು, ಉಂಗುರದ ಬೆರಳು, ನಡುಬೆರಳು, ಒಂದೂ ತಪ್ಪಿಲ್ಲದೆ.

"ಅಜ್ಜಿ, ನಿಮಗೆ ಸಂಗೀತ ಬರುತ್ತಾ?" ಎಂದ ಹುಡುಗ.

"ಬರ್ತಿತ್ತು ಕಣೋ" ಎಂದರು. ಕೆ.ಆರ್. ನಗರದ ತವರಿನಲ್ಲಿ ಆರು ವರ್ಷ ಪಾಠವಾಗಿತ್ತಂತೆ. ವರ್ಣದ ತನಕ ಬಂದಿತ್ತಂತೆ. ಮದುವೆಯಾಯಿತು, ಅಲ್ಲಿಗೆ ನಿಂತಿತು. "ಯಾರೂ ಬೇಡ ಅನ್ನಲಿಲ್ಲಮ್ಮ. ಹಾಡು ಅಂತಲೂ ಯಾರೂ ಅನ್ನಲಿಲ್ಲ" ಎಂದು ನನ್ನ ಕಡೆ ನೋಡಿದರು. ಹಸೆಗೆ ಕರೆಯುವಾಗ, ಆರತಿ ಎತ್ತುವಾಗ ಹತ್ತು ಜನರ ನಡುವೆ ಅವರೂ ಹಾಡುತ್ತಿದ್ದರು. ಆ ಹತ್ತರಲ್ಲಿ ಒಂದು ದನಿ ಪಾಠವಾದದ್ದು ಎಂದು ನನಗೆ ಇಷ್ಟು ವರ್ಷ ಗೊತ್ತಾಗಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಬೋಂಡ ಆ ದಿನ ರಾತ್ರಿ ಒಂಬತ್ತಕ್ಕಾಯಿತು.

ಹುಡುಗ ಪ್ಲೇಟನ್ನು ಇಲ್ಲೇ ಬಿಟ್ಟುಹೋಗಿದ್ದಾನೆ. ನಿಮ್ಮ ಮನೆಯ ಅಟ್ಟದಲ್ಲೂ ಹಳೆಯ ಪ್ಲೇಟುಗಳಿದ್ದರೆ ಅವನು ಹೇಳಿಕೊಟ್ಟದ್ದನ್ನೇ ಹೇಳುತ್ತೇನೆ. ಒಂದರ ಮೇಲೊಂದು ಪೇರಿಸಬೇಡಿ, ಪುಸ್ತಕದ ಹಾಗೆ ನಿಲ್ಲಿಸಿಡಿ. ಒಲೆಯ ಹತ್ತಿರ, ಬಿಸಿಲು ಬೀಳುವ ಕಡೆ ಬೇಡ, ಹಪ್ಪಳದಂತೆ ಸೊಟ್ಟಗಾಗುತ್ತವೆ. ಹೆಂಚಿನ ಕೆಳಗಿನ ಅಟ್ಟವೂ ಬೇಸಿಗೆಯಲ್ಲಿ ಒಲೆಯೇ. ಹಾಡಿನ ಗೆರೆಗಳನ್ನು ಬೆರಳಲ್ಲಿ ಮುಟ್ಟದೆ ಅಂಚು ಹಿಡಿದು ಎತ್ತಿ. ಒಗ್ಗರಣೆ ಕೈಯಂತೂ ಬೇಡವೇ ಬೇಡ. ಧೂಳನ್ನು ಒಣ ಮೆತ್ತನೆಯ ಬಟ್ಟೆಯಿಂದ ಗೆರೆಯ ಸುತ್ತಿಗೇ ಒರೆಸಿ, ಅಡ್ಡಡ್ಡ ಒರೆಸಬೇಡಿ. ಸವೆದ ಮುಳ್ಳು ಪ್ಲೇಟನ್ನೇ ಕೆರೆದು ತಿನ್ನುತ್ತದೆ, ಅದರಲ್ಲಿ ಮಾತ್ರ ಉಳಿತಾಯ ಬೇಡ.

ಮೊನ್ನೆ ಎಚ್.ಡಿ. ಕೋಟೆಯಲ್ಲಿ ನಮ್ಮ ನಾದಿನಿಯ ಮಗಳಿಗೆ ಸೀಮಂತ. ಆರತಿಯ ತಟ್ಟೆ ಎತ್ತಿದರು, ಎಂದಿನಂತೆ "ನೀವು ಹೇಳಿ, ನೀವು ಹೇಳಿ" ಎಂದು ಎಲ್ಲರೂ ಒಬ್ಬರನ್ನೊಬ್ಬರು ನೂಕಾಡುತ್ತಿದ್ದರು. ನಮ್ಮತ್ತೆ ಗಂಟಲು ಸರಿಮಾಡಿಕೊಂಡು, ಯಾರ ದಾರಿಯನ್ನೂ ಕಾಯದೆ ಎತ್ತಿಕೊಂಡರು. ದನಿ ಒಂದೆರಡು ಕಡೆ ನಡುಗಿತು. ಜೊತೆಗೂಡಲು ಬಾಯಿ ತೆರೆದಿದ್ದ ನಮ್ಮ ನಾದಿನಿಯ ಕೈಯನ್ನು ನಾನು ಮೆಲ್ಲಗೆ ಒತ್ತಿ ಹಿಡಿದೆ.