ಮೇಲ್ಮನೆಯ ನೆಲ, ಕೆಳಮನೆಯ ನಿದ್ರೆ

ನಮ್ಮ ಬಾಂಧವರಲ್ಲಿ ಹೋಟೆಲು ಕೆಲಸದವರು ಮನೆ ಸೇರುವುದು ರಾತ್ರಿ ಹನ್ನೊಂದು ಹನ್ನೆರಡರ ಸುಮಾರಿಗೆ. ಬೆಳಗಿನ ಪಾಳಿಯವರು ನಾಲ್ಕು ಗಂಟೆಗೇ ಏಳುವವರು. ಕಚೇರಿಗೆ ಹೋಗುವ ಗುಮಾಸ್ತ ಬಂಧುಗಳಾದರೋ ಈ ಎರಡು ವೇಳೆಗಳಲ್ಲಿಯೂ ಗಾಢನಿದ್ರೆಯಲ್ಲಿರತಕ್ಕವರು. ಹಿಂದೆ ಇವರ ಮನೆಗಳು ಬೇರೆ ಬೇರೆಯಾಗಿದ್ದವು. ಒಬ್ಬರ ಓಡಾಟ ಇನ್ನೊಬ್ಬರಿಗೆ ತಿಳಿಯುತ್ತಿರಲಿಲ್ಲ. ಈಗ ಕಾಚಿಗುಡ, ಬರ್ಕತ್‌ಪುರ, ನಲ್ಲಕುಂಟಗಳಲ್ಲಿ ಅಂಗಳದ ಒಂಟಿಮನೆಗಳು ಒಂದೊಂದಾಗಿ ಉರುಳಿ, ಅಲ್ಲಿ ನಾಲ್ಕೈದು ಅಂತಸ್ತಿನ ಫ್ಲಾಟುಗಳೆದ್ದಿವೆ. ಹೋಟೆಲಿನವನು ಮೇಲೆ, ಗುಮಾಸ್ತನು ಕೆಳಗೆ. ನಡುವೆ ಇರುವುದು ಐದಾರು ಇಂಚಿನ ಕಾಂಕ್ರೀಟು. ಈ ಸಂಗತಿಯನ್ನು ನೆಲ ಬದಲಿಸುವಾಗ ನಾವು ಮರೆಯುತ್ತೇವೆ. ನಾನೂ ಮರೆತಿದ್ದೆನು.

ಕಳೆದ ವರ್ಷ ನನ್ನ ಫ್ಲಾಟಿನ ಹಳೆಯ ಮೊಸಾಯಿಕ್ ನೆಲ ಅಲ್ಲಲ್ಲಿ ಬಿರುಕು ಬಿಟ್ಟಿತ್ತು. ಮೇಸ್ತ್ರಿಯೊಬ್ಬನನ್ನು ಕರೆಸಿ, ಅದರ ಮೇಲೆಯೇ ಎರಡಡಿ ಚೌಕದ ಮಿರುಗುವ ವಿಟ್ರಿಫೈಡ್ ಟೈಲುಗಳನ್ನು ಅಂಟಿಸಿದೆನು. ಬಂದವರೆಲ್ಲ ಮುಖ ಕಾಣಿಸುವ ನೆಲವೆಂದು ಹೊಗಳಿದರು. ಒಂದು ವಾರ ಕಳೆದಿರಲಿಕ್ಕಿಲ್ಲ, ಕೆಳಮನೆಯ ಹಿರಿಯರು ಮೆಟ್ಟಿಲೇರಿ ಬಂದರು. ರಾಯಚೂರಿನ ಕಡೆಯವರು, ನಿವೃತ್ತ ಗುಮಾಸ್ತರು, ವಿನಾಕಾರಣ ಯಾರ ಬಾಗಿಲನ್ನೂ ತಟ್ಟುವವರಲ್ಲ. ಅವರ ಪತ್ನಿಗೆ ಶಸ್ತ್ರಚಿಕಿತ್ಸೆಯಾಗಿ ತಿಂಗಳಾಗಿತ್ತು.

"ಸಾಹೇಬ್ರ, ತಪ್ಪು ತಿಳೀಬ್ಯಾಡ್ರಿ. ರಾತ್ರಿ ಹನ್ನೆರಡಕ್ಕ ನೀವು ಕುರ್ಚಿ ಎಳದ್ರ ನಮ್ಮ ತಲಿ ಮ್ಯಾಲ ಎಳದಂಗ ಆಗ್ತದ. ಮದಲ ಹಿಂಗ ಇರ್ಲಿಲ್ಲ" ಎಂದರು.

ನನಗೆ ಆಶ್ಚರ್ಯವಾಯಿತು. ಮೊದಲಿಗಿಂತ ಒಂದು ಪದರ ಹೆಚ್ಚಾಗಿದೆಯಲ್ಲ, ಸದ್ದು ಕಡಿಮೆಯಾಗಬೇಡವೇ? ಮೇಸ್ತ್ರಿಯನ್ನು ಕೇಳಿದರೆ ಅವನು ಹೂಡಿದ ಉಪಾಯ, ಇದರ ಮೇಲೆ ಇನ್ನೂ ದಪ್ಪನೆಯ ಗ್ರಾನೈಟ್ ಹಾಸುವುದು! ನಮ್ಮ ಹೋಟೆಲಿನ ಹಳೆಯ ಗಿರಾಕಿಯೂ ಇಂಜಿನಿಯರರೂ ಆದ ಸ್ನೇಹಿತರು ಬಂದು ನೋಡಿ ಒಂದೇ ಪ್ರಶ್ನೆ ಕೇಳಿದರು: "ಮೊದಲು ಈ ನೆಲದ ಮೇಲೆ ಏನು ಹಾಸಿದ್ದಿರಿ?" ಆಗ ನೆನಪಾಯಿತು. ಬಿರುಕು ಮರೆಯಾಗಲೆಂದು ಇಷ್ಟು ವರ್ಷವೂ ನಡುಮನೆಯ ತುಂಬ ದಪ್ಪ ಜಮಖಾನೆ ಹಾಸಿರುತ್ತಿತ್ತು. ಹೊಸ ಟೈಲಿನ ಹೊಳಪು ಕಾಣಲೆಂದು ಅದನ್ನು ಸುರುಳಿ ಸುತ್ತಿ ಅಟ್ಟಕ್ಕೆ ಹಾಕಿದ್ದೆವು.

ಮನೆಯಿಂದ ಮನೆಗೆ ಸದ್ದು ಹೋಗುವುದು ಎರಡು ಬಗೆಯಲ್ಲಿ. ಮಾತು, ಹಾಡು, ಟಿ.ವಿ. ಇವು ಗಾಳಿಯ ಮೂಲಕ ಹೋಗುವ ಸದ್ದು. ಇದನ್ನು ತಡೆಯಲು ಭಾರ ಬೇಕು. ಕಾಂಕ್ರೀಟು ಸ್ಲ್ಯಾಬು ತಕ್ಕಮಟ್ಟಿಗೆ ತಡೆಯುತ್ತದೆ. ಎರಡನೆಯದು ಪೆಟ್ಟಿನ ಸದ್ದು. ಹೆಜ್ಜೆ, ಕುರ್ಚಿಯ ಕಾಲು, ಕೈಜಾರಿದ ಸ್ಟೀಲ್ ಲೋಟ, ಇವು ಸ್ಲ್ಯಾಬನ್ನೇ ನಡುಗಿಸುತ್ತವೆ. ಆಗ ಸ್ಲ್ಯಾಬು ತಮಟೆಯ ಚರ್ಮದಂತಾಗಿ ಕೆಳಗಿನ ಕೋಣೆಯೊಳಗೆ ಬಾರಿಸುತ್ತದೆ. ಗಟ್ಟಿ ನೆಲದ ಮೇಲೆ ಇನ್ನೊಂದು ಗಟ್ಟಿ ಪದರ ಅಂಟಿಸಿದರೆ ಈ ಸದ್ದು ಹೇಳಿಕೊಳ್ಳುವಷ್ಟು ಇಳಿಯದು. ಪೆಟ್ಟು ಸ್ಲ್ಯಾಬನ್ನು ಮುಟ್ಟುವುದಕ್ಕೆ ಮೊದಲೇ ಮೆತ್ತಗಾಗಬೇಕು.

ಹೋಟೆಲಿನವನಾದ ನನಗೆ ಇದನ್ನು ಇನ್ನೊಬ್ಬರು ಹೇಳಬೇಕಾಗಿ ಬಂದುದು ನಾಚಿಕೆಯ ಸಂಗತಿ. ಹಿಟ್ಟು ರುಬ್ಬುವ ಗ್ರೈಂಡರಿನ ಕೆಳಗೆ ಹಳೆಯ ಟೈರಿನ ತುಂಡುಗಳನ್ನು ಇಡುವುದು ಅಡಿಗೆಮನೆಯ ಹುಡುಗನಿಗೂ ಗೊತ್ತು. ಗ್ರೈಂಡರಿಗೆ ತಿಳಿದ ನ್ಯಾಯ ಮನೆಯ ನೆಲಕ್ಕೆ ಹೊಳೆಯಲಿಲ್ಲ!

ಹಿಂದಿನವರಿಗೆ ಈ ಚಿಂತೆ ಇರಲಿಲ್ಲವೆಂಬುದೂ ನಿಜ. ಹೈದರಾಬಾದಿನ ಹಳೆಯ ಮನೆಗಳ ನೆಲಕ್ಕೆಲ್ಲ ನಮ್ಮ ಕಲಬುರಗಿಯ ಸೀಮೆಯ ಶಹಾಬಾದ್ ಕಲ್ಲು, ಇಲ್ಲವೇ ತಾಂಡೂರಿನ ಕಲ್ಲು. ಕಲಬುರಗಿ, ರಾಯಚೂರು, ಬೀದರ ಜಿಲ್ಲೆಗಳು 1956ರ ವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಕಲ್ಲೂ ಜನವೂ ಒಂದೇ ರೈಲುಮಾರ್ಗದಲ್ಲಿ ಈ ಊರಿಗೆ ಬಂದುವು. ಆ ಫರಸಿಯನ್ನು ಹಾಸುತ್ತಿದ್ದುದು ಹೆಚ್ಚಾಗಿ ಗುದ್ದಿ ಗಟ್ಟಿಮಾಡಿದ ಮಣ್ಣಿನ ಮೇಲೆ. ಅದರ ಮೇಲೆ ಒನಕೆಯಿಂದ ಕುಟ್ಟಿದರೂ ಪೆಟ್ಟನ್ನು ಭೂಮಿಯೇ ನುಂಗುತ್ತಿತ್ತು. ಕೆಳಗೆ ಮಲಗಿದವರು ಯಾರೂ ಇರಲಿಲ್ಲ. ಅದೇ ಕಲ್ಲನ್ನು ಮೂರನೆಯ ಅಂತಸ್ತಿಗೆ ಒಯ್ದರೆ ಅದರ ಗುಣ ಬೇರೆಯಾಗಿಬಿಡುತ್ತದೆ.

ಹಾಗಾದರೆ ನೆಲ ಬದಲಿಸಬೇಕಾದವರು ಏನನ್ನು ಆರಿಸಬೇಕು? ಸದ್ದಿನ ಮಟ್ಟಿಗೆ ಕಾರ್ಪೆಟ್ಟಿಗೆ ಮಿಗಿಲಾದುದಿಲ್ಲ. ಆದರೆ ನಮ್ಮ ಊರಿನ ಧೂಳಿಗೆ, ದಿನವೂ ನೆಲ ಒರೆಸುವ ನಮ್ಮ ಹೆಂಗಸರ ಪದ್ಧತಿಗೆ, ಗೋಡೆಯಿಂದ ಗೋಡೆಗೆ ಅಂಟಿಸಿದ ಕಾರ್ಪೆಟ್ಟು ಒಗ್ಗುವುದಿಲ್ಲ. ಬುರುಗಿನ ಬೆನ್ನುಳ್ಳ ವಿನೈಲ್ ಹಾಸು ಅಗ್ಗ, ನೀರಿಗೆ ಹೆದರದು, ಕುರ್ಚಿಯ ಸದ್ದನ್ನು ಚೆನ್ನಾಗಿ ಕುಗ್ಗಿಸುತ್ತದೆ. ಭಾರವಾದ ಬೀರುವಿನ ಕಾಲು ಮಾತ್ರ ಅದರಲ್ಲಿ ಗುಳಿ ಮಾಡುತ್ತದೆ. ಮರದ ಬಣ್ಣದ ಲ್ಯಾಮಿನೇಟ್ ಹಲಗೆಗಳ ಕೆಳಗೆ ಕಾರ್ಕ್ ಅಥವಾ ರಬ್ಬರಿನ ಎರಡು ಮೂರು ಮಿಲಿಮೀಟರ್ ಪದರ ಹಾಕಿದರೆ ಅದೂ ಒಳ್ಳೆಯದೇ. ಅದು ಮಲಗುವ ಕೋಣೆಗೆ ತಕ್ಕದ್ದು. ನೀರು ನಿಂತರೆ ಉಬ್ಬುವುದರಿಂದ ಅಡಿಗೆಮನೆಗೆ ಸಲ್ಲದು. ಪದರ ಮೆತ್ತಗಿದ್ದಷ್ಟೂ ಉತ್ತಮವೆಂದು ತಿಳಿಯಬಾರದು. ಅತಿ ಮೆತ್ತಗಾದರೆ ಕಾಲಿಟ್ಟಲ್ಲಿ ಹಲಗೆ ಕುಸಿದು ಬೆಸುಗೆಗಳು ಬಾಯಿ ಬಿಡುತ್ತವೆ.

ಟೈಲೇ ಬೇಕೆಂಬ ಹಟವುಳ್ಳವರಿಗೂ ದಾರಿಯಿದೆ. ಟೈಲಿನ ಅಡಿಗೆಂದೇ ತಯಾರಾದ ರಬ್ಬರಿನ ಅಥವಾ ಕಾರ್ಕಿನ ಹಾಳೆಯನ್ನು ಮೊದಲು ಸ್ಲ್ಯಾಬಿಗೆ ಅಂಟಿಸಿ, ಅದರ ಮೇಲೆ ಟೈಲು ಕೂರಿಸುವುದು. ಇಲ್ಲಿ ಮೇಸ್ತ್ರಿಗಳು ಮಾಡುವ ಒಂದು ಸಣ್ಣ ತಪ್ಪು ಇಡೀ ಖರ್ಚನ್ನು ನೀರುಪಾಲು ಮಾಡುತ್ತದೆ. ಟೈಲಿನ ಅಂಚು ಗೋಡೆಗೆ ತಗಲಿದರೆ, ಇಲ್ಲವೇ ಸಂದಿಯಲ್ಲಿ ಸಿಮೆಂಟು ತುಂಬಿದರೆ, ಪೆಟ್ಟು ಹಾಳೆಯನ್ನು ಬಳಸಿ ಗೋಡೆಯ ದಾರಿಯಿಂದ ಕೆಳಗಿಳಿಯುತ್ತದೆ. ಆದಕಾರಣ ಸುತ್ತಲೂ ಕೆಲವು ಮಿಲಿಮೀಟರ್ ಸಂದಿ ಬಿಟ್ಟು, ಅದರಲ್ಲಿ ಮೆತ್ತನೆಯ ಪಟ್ಟಿಯನ್ನಿಟ್ಟು, ಮೇಲೆ ಸಿಲಿಕೋನ್ ತುಂಬಿಸತಕ್ಕದ್ದು. ಗೋಡೆಯ ಬುಡದ ಸ್ಕರ್ಟಿಂಗ್ ಕೂಡ ನೆಲಕ್ಕೆ ತಾಗಕೂಡದು. ಕೆಲಸ ನಡೆಯುವಾಗ ಪಕ್ಕದಲ್ಲಿ ನಿಂತು ನೋಡಿರಿ. ನೀವು ಚಹಾ ಕುಡಿಯಲು ಹೋದ ಹೊತ್ತಿನಲ್ಲೇ ಆ ಸಂದಿ ಮುಚ್ಚಿಹೋಗುತ್ತದೆ.

ಅಂಗಡಿಯವರು ತೋರಿಸುವ ಅಂಕಿಗಳ ಬಗ್ಗೆಯೂ ಎರಡು ಮಾತು. ನೆಲದ ಸದ್ದನ್ನು ಅಳೆಯಲು ಒಂದು ಯಂತ್ರವಿದೆ. ಅರ್ಧ ಕಿಲೋ ತೂಕದ ಐದು ಉಕ್ಕಿನ ಸುತ್ತಿಗೆಗಳು ನಾಲ್ಕು ಸೆಂಟಿಮೀಟರ್ ಎತ್ತರದಿಂದ, ಸೆಕೆಂಡಿಗೆ ಹತ್ತು ಪೆಟ್ಟಿನಂತೆ ನೆಲಕ್ಕೆ ಬೀಳುತ್ತವೆ; ಕೆಳಗಿನ ಕೋಣೆಯಲ್ಲಿ ಸದ್ದನ್ನು ಅಳೆಯುತ್ತಾರೆ. ಹತ್ತು ಡೆಸಿಬೆಲ್ ಇಳಿದರೆ ಕಿವಿಗೆ ಸದ್ದು ಸುಮಾರು ಅರ್ಧವಾದಂತೆ. ಕೆಲವು ವಿದೇಶಿ ಪೊಟ್ಟಣಗಳ ಮೇಲೆ ಐ.ಐ.ಸಿ. ಎಂಬ ದೊಡ್ಡ ಅಂಕಿ ಇರುತ್ತದೆ. ಆ ಪರೀಕ್ಷೆಯಲ್ಲಿ ಕೆಳಗಿನ ಕೋಣೆಗೆ ತೂಗುಚಾವಣಿ ಇತ್ತೋ ಎಂದು ಕೇಳಿರಿ. ಅಂತಹ ಚಾವಣಿ ನಮ್ಮ ಫ್ಲಾಟುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲವಾದ್ದರಿಂದ ಆ ಅಂಕಿ ನಮಗೆ ದಕ್ಕದು. ಬರಿಯ ಹಾಸಿನಿಂದ ಎಷ್ಟು ಡೆಸಿಬೆಲ್ ಇಳಿಯಿತು ಎಂಬುದೇ ನಮಗೆ ಬೇಕಾದ ಲೆಕ್ಕ.

ಭಾರದ ಲೆಕ್ಕವೂ ಇದೆ. ಒಂದಿಂಚು ಗಾರೆ ಚದರಡಿಗೆ ಸುಮಾರು 5 ಕಿಲೋ, ಮೇಲಿನ ಟೈಲು ಸುಮಾರು 2 ಕಿಲೋ. ಹತ್ತಕ್ಕೆ ಹನ್ನೆರಡರ ಒಂದು ಕೋಣೆಗೆ ಎಂಟು ಕ್ವಿಂಟಲಿಗೂ ಮಿಗಿಲು. ಹಳೆಯ ಕಟ್ಟಡದಲ್ಲಿ ಹಳೆಯ ನೆಲದ ಮೇಲೆಯೇ ಇಷ್ಟನ್ನು ಹೇರುವ ಮೊದಲು ಇಂಜಿನಿಯರರೊಬ್ಬರನ್ನು ಕೇಳುವುದು ಲೇಸು. ಕಿತ್ತು ಹಾಕುವುದಾದರೆ ಬಚ್ಚಲುಮನೆಯನ್ನು ಮುಟ್ಟಬೇಡಿರಿ. ಅಲ್ಲಿ ನೀರು ತಡೆಯುವ ಪದರ ಒಡೆದರೆ ಕೆಳಮನೆಯವರಿಗೆ ಸದ್ದಿನ ಜೊತೆಗೆ ಸೋರಿಕೆಯೂ ಸೇರೀತು.

ಬಾಡಿಗೆಮನೆಯಲ್ಲಿರುವ ನಮ್ಮ ಬಹುಪಾಲು ಓದುಗರಿಗೆ ನೆಲವನ್ನೇ ಬದಲಿಸುವ ಅಧಿಕಾರವಿಲ್ಲ, ಹಣವೂ ಇಲ್ಲ. ಅವರು ಕುರ್ಚಿ, ಮಂಚ, ಮೇಜುಗಳ ಕಾಲಿಗೆ ರಬ್ಬರಿನ ಟೋಪಿ ಹಾಕಲಿ. ನಡೆದಾಡುವ ಜಾಗದಲ್ಲಿ ಜಮಖಾನೆ ಹಾಸಲಿ. ನಮ್ಮ ನವಲಗುಂದದ ಜಮಖಾನೆ ಇದೆ, ಇಲ್ಲಿಯ ವರಂಗಲ್ಲಿನದೂ ಇದೆ. ಭೌಗೋಳಿಕ ಗುರುತಿನ ಮನ್ನಣೆ ಮೊದಲನೆಯದಕ್ಕೆ 2011ರಲ್ಲಿ, ಎರಡನೆಯದಕ್ಕೆ 2018ರಲ್ಲಿ ದೊರೆಯಿತು. ಅದರ ಕೆಳಗೆ ದಪ್ಪ ಕಂಬಳಿಯೊಂದನ್ನು ಹಾಸಿದರೆ ಇನ್ನೂ ಗುಣ ಕಾಣುತ್ತದೆ.

ನಾನು ಮಾಡಿದುದು ಇಷ್ಟೇ. ಟೈಲುಗಳನ್ನು ಕೀಳಿಸಲಿಲ್ಲ. ಮಲಗುವ ಕೋಣೆಗೆ ಕಾರ್ಕಿನ ಮೇಲೆ ಲ್ಯಾಮಿನೇಟ್ ಹಾಸಿಸಿದೆನು. ಬಾಗಿಲನ್ನು ಅರ್ಧ ಇಂಚು ಕೊಯ್ಯಿಸಬೇಕಾಯಿತು. ಅಟ್ಟದ ಜಮಖಾನೆ ನಡುಮನೆಗೆ ಮರಳಿತು. ಹದಿನೈದು ದಿನ ಬಿಟ್ಟು ಕೆಳಗಿಳಿದು ಹೋಗಿ ವಿಚಾರಿಸಿದೆನು. ಹಿರಿಯರು ಚಹಾ ತರಿಸಿದರು.

"ಕುರ್ಚಿ ಸದ್ದು ಈಗ ಇಲ್ರಿ. ನಿಮ್ಮ ಮಗ ಸಂಜಿಕ ಜಿಗಿಯೂದು ಮಾತ್ರ ದುಡುಂ ದುಡುಂ ಅಂತ ಕೇಳಸ್ತದ."

ಜಿಗಿತದ ಆ ದಪ್ಪ ಸದ್ದು ತೆಳು ಹಾಸುಗಳಿಗೆ ಬಗ್ಗುವುದಿಲ್ಲವೆಂದು ಇಂಜಿನಿಯರರು ಮೊದಲೇ ಎಚ್ಚರಿಸಿದ್ದರು. ಹುಡುಗನನ್ನು ಗದರಿಸುತ್ತೇನೆಂದೆನು.

"ಬ್ಯಾಡ್ರಿ, ಬ್ಯಾಡ್ರಿ," ಎಂದು ಒಳಗಿನಿಂದ ಅವರ ಪತ್ನಿ ಕೂಗಿ ಹೇಳಿದರು. "ಅಂವ ಸಾಲಿಯಿಂದ ಬಂದಾನಂತ ನನಗ ಗೊತ್ತಾಗೂದ ಅದರಿಂದ."