ಕೈಗಾ ಗುಮ್ಮಟ ಕಲಿಸಿದ ಪಾಠ: ಅಣು ಸ್ಥಾವರ ಕಟ್ಟುವ ಬಗೆ ಬದಲಾದದ್ದು ಹೇಗೆ?

ಅಣು ವಿದ್ಯುತ್ತಿನ ವೆಚ್ಚದಲ್ಲಿ ಇಂಧನದ ಪಾಲು ಚಿಕ್ಕದು. ಸ್ಥಾವರ ಕಟ್ಟುವ ಖರ್ಚೇ ದೊಡ್ಡದು. ಕಾಮಗಾರಿ ತಡವಾದಷ್ಟೂ ಸಾಲದ ಬಡ್ಡಿ ಬೆಳೆಯುತ್ತದೆ. ಆ ಹೊರೆ ಕೊನೆಗೆ ಬೀಳುವುದು ವಿದ್ಯುತ್ ದರದ ಮೇಲೆ. ಹಾಗೆಂದು ಅವಸರ ಮಾಡಿದರೆ ಸುರಕ್ಷತೆಗೇ ಧಕ್ಕೆ.

ಉತ್ತರ ಕನ್ನಡ ಜಿಲ್ಲೆಯ ಕೈಗಾ ಇದಕ್ಕೆ ನಿದರ್ಶನ. 1994ರ ಮೇ 13ರಂದು, ನಿರ್ಮಾಣ ಹಂತದಲ್ಲಿದ್ದ ಮೊದಲನೇ ಘಟಕದ ಒಳ ಗುಮ್ಮಟದ ಕೆಳಪದರ ಕಳಚಿ ಸುಮಾರು 130 ಟನ್ ಕಾಂಕ್ರೀಟ್ ಕುಸಿಯಿತು. ಕಾರ್ಮಿಕರು ಗಾಯಗೊಂಡರು. ಇಂಧನ ಇನ್ನೂ ತುಂಬಿರದ ಕಾರಣ ವಿಕಿರಣದ ಅಪಾಯವಿರಲಿಲ್ಲ.

ಗುಮ್ಮಟವನ್ನು ಬಲಪಡಿಸಲು ಕಾಂಕ್ರೀಟಿನೊಳಗೆ ಉಕ್ಕಿನ ಕೇಬಲ್‌ಗಳನ್ನು ಎಳೆದು ಬಿಗಿಯಲಾಗುತ್ತದೆ. ಬಾಗಿದ ಕೇಬಲ್ ಬಿಗಿದಾಗ ತನ್ನ ಒಳಬದಿಯ ಕಾಂಕ್ರೀಟನ್ನು ಕೆಳಕ್ಕೆ ಒತ್ತುತ್ತದೆ. ಮೇಲಿನ ಮತ್ತು ಕೆಳಗಿನ ಪದರಗಳನ್ನು ಹಿಡಿದಿಡುವ ಅಡ್ಡ ಕಬ್ಬಿಣ ಸಾಲದಿದ್ದರೆ ಅವು ಬೇರ್ಪಡುತ್ತವೆ. ಆ ಬಳಿಕ ವಿನ್ಯಾಸ ಪರಿಷ್ಕರಿಸಿ, ಸಿಲಿಕಾ ಫ್ಯೂಮ್ ಬೆರೆಸಿದ ಅಧಿಕ ಸಾಮರ್ಥ್ಯದ ಕಾಂಕ್ರೀಟಿನಿಂದ ಗುಮ್ಮಟವನ್ನು ಮತ್ತೆ ಕಟ್ಟಲಾಯಿತು. ಮೊದಲೆರಡು ಘಟಕಗಳ ವಾಣಿಜ್ಯ ಉತ್ಪಾದನೆ ಆರಂಭವಾದದ್ದು 2000ದಲ್ಲಿ.

ಮೇಲಿನಿಂದ ಇಳಿಸುವ ಕ್ರಮ

ಹಿಂದೆ ಗೋಡೆ, ಛಾವಣಿ ಮುಗಿದ ಮೇಲೆಯೇ ಯಂತ್ರಗಳನ್ನು ಬಾಗಿಲಿನ ಮೂಲಕ ಒಳಗೆ ಸಾಗಿಸಲಾಗುತ್ತಿತ್ತು. ಒಂದು ಕೆಲಸ ಮುಗಿಯುವವರೆಗೆ ಮತ್ತೊಂದು ಕಾಯಬೇಕಿತ್ತು. ಈಗ ಮೇಲ್ಭಾಗ ತೆರೆದಿರುವಾಗಲೇ ಉಗಿ ಉತ್ಪಾದಕದಂಥ ಭಾರಿ ಯಂತ್ರಗಳನ್ನು ದೈತ್ಯ ಕ್ರೇನ್‌ಗಳಿಂದ ಇಳಿಸಲಾಗುತ್ತದೆ. ಸಿವಿಲ್ ಮತ್ತು ಯಾಂತ್ರಿಕ ಕಾಮಗಾರಿ ಜತೆಜತೆಗೇ ಸಾಗುತ್ತವೆ. ಜಪಾನಿನ ಕಶಿವಜಾಕಿ-ಕರಿವಾ 6ನೇ ಘಟಕ ಈ ಕ್ರಮದಿಂದಲೇ ಸುಮಾರು ನಾಲ್ಕು ವರ್ಷಗಳಲ್ಲಿ, 1996ರಲ್ಲಿ ಸಿದ್ಧವಾಯಿತು. ಮಹಾರಾಷ್ಟ್ರದ ತಾರಾಪುರದಲ್ಲಿ 2000ದ ಮಾರ್ಚ್‌ನಲ್ಲಿ ಕಾಂಕ್ರೀಟ್ ಕೆಲಸ ಆರಂಭವಾಗಿ, 4ನೇ ಘಟಕ 2005ರ ಮಾರ್ಚ್‌ನಲ್ಲಿ ಕ್ರಿಯಾಶೀಲವಾಯಿತು.

ಇನ್ನೊಂದು ವಿಧಾನ, ಕಟ್ಟಡದ ಭಾಗಗಳನ್ನು ಕಾರ್ಖಾನೆಯಲ್ಲಿ ತಯಾರಿಸಿ ಸ್ಥಳದಲ್ಲಿ ಜೋಡಿಸುವುದು. ಆದರೆ ಅಮೆರಿಕದ ವೋಗಲ್‌ನಲ್ಲಿ ನಕ್ಷೆಗಳು ಪೂರ್ಣಗೊಳ್ಳುವ ಮುನ್ನವೇ ಕೆಲಸಕ್ಕಿಳಿದ ಕಾರಣ, ಭಾಗಗಳ ಪೂರೈಕೆ ಮತ್ತು ಗುಣಮಟ್ಟ ಎರಡೂ ಕೈಕೊಟ್ಟವು. 3ನೇ ಘಟಕ ಸುಮಾರು ಏಳು ವರ್ಷ ತಡವಾಗಿ, 2023ರ ಜುಲೈನಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿತು.

ಕೈಗಾದ 5 ಮತ್ತು 6ನೇ ಘಟಕಗಳು, ಕೇಂದ್ರ ಸರಕಾರ 2017ರಲ್ಲಿ ಒಪ್ಪಿಗೆ ನೀಡಿದ ತಲಾ 700 ಮೆಗಾವಾಟ್‌ನ ಹತ್ತು ರಿಯಾಕ್ಟರುಗಳ ಸಾಲಿಗೆ ಸೇರಿವೆ. ವಿನ್ಯಾಸ ಒಂದೇ ಆದುದರಿಂದ ಯಂತ್ರಗಳಿಗೆ ಒಟ್ಟಾಗಿ ಬೇಡಿಕೆ ಸಲ್ಲಿಸಬಹುದು. ಒಂದು ಕಡೆಯ ಅನುಭವ ಇನ್ನೊಂದು ಕಡೆ ನೆರವಾಗುತ್ತದೆ. ಆದರೆ ಒಂದೇ ನಕ್ಷೆಯಲ್ಲಿ ದೋಷ ಉಳಿದರೆ ಅದು ಹತ್ತೂ ಕಡೆ ಮರುಕಳಿಸುತ್ತದೆ. ಗುಮ್ಮಟ ಕುಸಿದಿದ್ದ ಅದೇ ಮೊದಲನೇ ಘಟಕ 2018ರಲ್ಲಿ 962 ದಿನಗಳ ನಿರಂತರ ಉತ್ಪಾದನೆಯ ದಾಖಲೆ ಬರೆಯಿತು. ತಪ್ಪನ್ನು ಮೂಲದಲ್ಲೇ ತಿದ್ದಲು ವ್ಯಯಿಸಿದ ಕಾಲ ವ್ಯರ್ಥವಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ.